ಕೊನೆಯ ಪುಟದಲ್ಲೂ ಹೆಣ್ಣು ಬದುಕಿರುವ ಕಾದಂಬರಿ ಇದ್ದರೆ ಹೇಳಿ

ಪ್ರಶ್ನೆ: ಯಾರ್ಡಿನ ಲೆಕ್ಕದವಳು, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಕಾದಂಬರಿ ಹುಡುಕುತ್ತಿದ್ದೇನೆ. ನನಗಲ್ಲ, ಅವ್ವನಿಗೆ.

ಅವ್ವನಿಗೆ ಎಪ್ಪತ್ತೆರಡು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದು ಎರಡು ವರ್ಷವಾಯಿತು. ಎದುರು ನಿಂತವರ ಮುಖ ಕಾಣುತ್ತದೆ, ಅಕ್ಷರ ಕಾಣುವುದಿಲ್ಲ. ಅವಳು ಶಾಲೆಗೆ ಹೋದದ್ದು ನಾಲ್ಕನೇ ತರಗತಿಯವರೆಗೆ ಮಾತ್ರ. ಆದರೆ ಒಂದು ಕಾಲಕ್ಕೆ ನಮ್ಮ ಬೀದಿಯ ತುದಿಯಲ್ಲಿದ್ದ ಬಾಡಿಗೆ ಪುಸ್ತಕದ ಅಂಗಡಿಯಲ್ಲಿ ಅವಳ ಕೈಗೆ ಸಿಗದೆ ಉಳಿದ ಕಾದಂಬರಿ ಇರಲಿಲ್ಲ. ಹೆಂಚು ಕಾಯುವಷ್ಟರಲ್ಲಿ ಒಂದು ಪುಟ, ರೊಟ್ಟಿ ಬೇಯುವಷ್ಟರಲ್ಲಿ ನಾಲ್ಕು ಸಾಲು. ಹಿಂದಿರುಗಿಸಿದ ಪುಸ್ತಕವನ್ನು ಕೊಡವಿದರೆ ಜೋಳದ ಹಿಟ್ಟು ಉದುರುತ್ತದೆ ಎಂದು ಅಂಗಡಿಯವರು ಗೊಣಗುತ್ತಿದ್ದರು.

ರೊಟ್ಟಿಯ ವಿಷಯ ಹೇಳದಿದ್ದರೆ ನನ್ನ ಪ್ರಶ್ನೆ ನಿಮಗೆ ಅರ್ಥವಾಗುವುದಿಲ್ಲ. ಅಪ್ಪ ಹತ್ತಿ ಗಿರಣಿಯಲ್ಲಿದ್ದರು. ಗಿರಣಿ ನಿಂತಿತು, ಎರಡು ವರ್ಷದಲ್ಲಿ ಅಪ್ಪನೂ ಹೋದರು. ಆಗ ನನಗೆ ಆರು, ತಮ್ಮನಿಗೆ ಮೂರು. ಅವ್ವ ಖಾನಾವಳಿಗೆ ರೊಟ್ಟಿ ಬಡಿದು ಕೊಡಲು ಕುಳಿತಳು. ಹಿಟ್ಟು ಅವರದು, ಸೌದೆ ನಮ್ಮದು, ನೂರು ರೊಟ್ಟಿಗೆ ಹನ್ನೆರಡು ರೂಪಾಯಿ. ಹೀಗೆ ಎಷ್ಟೋ ವರ್ಷ. ನಾನು ಬಿ.ಕಾಂ. ಮುಗಿಸಿ ಎಪಿಎಂಸಿ ಯಾರ್ಡಿನ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯಲು ಸೇರಿದ್ದು ಆ ಹನ್ನೆರಡು ರೂಪಾಯಿಯ ಮೇಲೆಯೇ.

ಈಗ ರಾತ್ರಿ ಎಂಟೂವರೆಗೆ ಊಟ ಮುಗಿಸಿ ಹತ್ತರವರೆಗೆ ನಾನು ಗಟ್ಟಿಯಾಗಿ ಓದುತ್ತೇನೆ, ಅವಳು ಕೇಳುತ್ತಾಳೆ. ಮೆಕ್ಕೆಜೋಳದ ಕಾಲದಲ್ಲಿ ನಾನು ಮನೆ ಸೇರುವುದೇ ಒಂಬತ್ತಕ್ಕೆ. ಆಗ ನಾಲ್ಕೇ ಪುಟ. ಕಷ್ಟಪಟ್ಟ ಹೆಂಗಸಿನ ಕತೆಯೇ ಆಗಬೇಕು ಎನ್ನುತ್ತಾಳೆ. ‘ಸುಖವಾಗಿದ್ದವರ ಕತೆ ಕೇಳಿ ನಾನೇನು ಮಾಡಲಿ’ ಎಂಬುದು ಅವಳ ವಾದ.

ಈ ವರ್ಷ ಎರಡು ಕಾದಂಬರಿ ಮುಗಿಸಿದೆವು. ತೊಂದರೆ ಶುರುವಾದದ್ದು ಅಲ್ಲಿಂದ. (ಕತೆಯ ಕೊನೆ ಬಿಟ್ಟುಕೊಡುತ್ತಿದ್ದೇನೆ, ಓದದವರು ಕ್ಷಮಿಸಿ. ಹೇಳದೆ ನನ್ನ ಪ್ರಶ್ನೆ ಪೂರ್ತಿಯಾಗುವುದಿಲ್ಲ.)

ಮೊದಲನೆಯದು ಭೈರಪ್ಪನವರ ‘ಗೃಹಭಂಗ’. ನಂಜಮ್ಮ ಅವ್ವನಿಗೆ ಮೊದಲ ದಿನವೇ ಹಿಡಿಸಿದಳು. ಗಂಡ ಚೆನ್ನಿಗರಾಯ ಹೆಸರಿಗೆ ಶಾನುಭೋಗ, ಲೆಕ್ಕ ಬರೆಯುವವಳು ಇವಳು. ‘ನೋಡು, ನಿನ್ನ ಕೆಲಸ’ ಎಂದು ನನ್ನ ಮೊಣಕಾಲಿಗೆ ತಟ್ಟಿದಳು. ನಂಜಮ್ಮ ಮುತ್ತುಗದ ಎಲೆ ಹಚ್ಚಿ ಮಾರುವ ಭಾಗ ಬಂದಾಗಲಂತೂ ಎರಡು ಸಲ ಓದಿಸಿದಳು. ಆಮೇಲೆ ಪ್ಲೇಗು ಬಂತು. ಮಕ್ಕಳು ಹೋದ ಅಧ್ಯಾಯ ಮುಗಿದ ಮೇಲೆ ಎರಡು ದಿನ ಪುಸ್ತಕ ಮುಟ್ಟಬೇಡ ಎಂದಳು. ಕೊನೆಗೆ ನಂಜಮ್ಮನೂ ಪ್ಲೇಗಿಗೆ ಸಿಕ್ಕಾಗ ಅವ್ವನಿಗೆ ಬಂದದ್ದು ಅಳುವಲ್ಲ, ಸಿಟ್ಟು. ‘ಅಷ್ಟು ಎಲೆ ಹಚ್ಚಿದವಳನ್ನು ಹೀಗೆ ಕೊಂದರೆ ಹೇಗೆ?’ ಬರೆದವರೇ ಚಿಕ್ಕವರಿದ್ದಾಗ ತಾಯಿಯನ್ನೂ ಒಡಹುಟ್ಟಿದವರನ್ನೂ ಪ್ಲೇಗಿನಲ್ಲಿ ಕಳೆದುಕೊಂಡವರು ಎಂದು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದರೆ ಅವರು ಕೊಂದದ್ದಲ್ಲ ಬಿಡು. ಆದರೂ ಇನ್ನೊಂದು ಅಂಥದ್ದು ತರಬೇಡ’ ಎಂದಳು.

ನಾನು ತಂದೆ. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’. ತೆಳ್ಳಗಿದೆ, ಬೇಗ ಮುಗಿಯುತ್ತದೆ ಎಂದು ತಂದದ್ದು ನನ್ನ ತಪ್ಪು. ಅಪ್ಪನಿಗೂ ಅಳಿಯನಿಗೂ ಬಂದ ಜಗಳದಲ್ಲಿ ನಾದಿರಾಳ ತಲಾಖ್ ಆಗಿಹೋಗುತ್ತದೆ. ಮತ್ತೆ ಅದೇ ಗಂಡನನ್ನು ಸೇರಬೇಕಾದರೆ ಒಂದು ರಾತ್ರಿಯ ಮಟ್ಟಿಗಾದರೂ ಇನ್ನೊಬ್ಬನ ಹೆಂಡತಿಯಾಗಬೇಕು. ಅವಳು ಕೊಳದ ನೀರಿಗೆ ಇಳಿಯುವ ಪುಟ ಓದುವಾಗ ನನ್ನ ಧ್ವನಿಯೇ ಕಟ್ಟಿಕೊಂಡಿತು. ಅವ್ವ ಮರುದಿನ ಬೆಳಿಗ್ಗೆ ತಿಂಡಿ ಮುಟ್ಟಲಿಲ್ಲ. ಮಧ್ಯಾಹ್ನ ಯಾರ್ಡಿಗೆ ಫೋನ್ ಮಾಡಿ, ‘ಇನ್ನು ಮೇಲೆ ಕೊನೆಯ ಪುಟವನ್ನು ನೀನು ಮೊದಲು ಓದಿಕೋ. ಅವಳು ಬದುಕಿದ್ದರೆ ಮಾತ್ರ ಮನೆಗೆ ತಾ’ ಎಂದಳು. ಹಮಾಲರು ಚೀಲ ಎಣಿಸಲು ಕಾಯುತ್ತಿದ್ದರು, ನಾನು ‘ಆಯಿತು’ ಎಂದು ಫೋನಿಟ್ಟೆ.

ಆದ್ದರಿಂದ ಮೊದಲನೆಯ ಷರತ್ತು ಅದು. ಎರಡನೆಯದು ಷರತ್ತಲ್ಲ, ಅವಳ ಅಭ್ಯಾಸ. ಪ್ರತಿ ಹತ್ತು ಪುಟಕ್ಕೊಮ್ಮೆ ‘ದುಡ್ಡು ಎಲ್ಲಿಂದ ಬಂತು?’ ಎಂದು ಕೇಳುತ್ತಾಳೆ. ಗಂಡ ಬಿಟ್ಟವಳು ಮಗುವಿನೊಂದಿಗೆ ಊರು ಬಿಟ್ಟು ಹೊರಟಳು ಎಂದು ಓದಿದರೆ ಬಸ್ಸಿಗೆ ಕಾಸು ಯಾರು ಕೊಟ್ಟರು, ಅಲ್ಲಿ ಇಳಿದ ದಿನ ರಾತ್ರಿ ಏನು ಉಂಡರು ಎಂದು ನಿಲ್ಲಿಸುತ್ತಾಳೆ. ಎಷ್ಟೋ ಕಾದಂಬರಿಗಳಲ್ಲಿ ಇದಕ್ಕೆ ಉತ್ತರವಿಲ್ಲ ಎಂಬುದು ಗಟ್ಟಿಯಾಗಿ ಓದಲು ಶುರುಮಾಡಿದ ಮೇಲೆಯೇ ನನಗೆ ತಿಳಿದದ್ದು. ಕಣ್ಣೀರಿಗೆ ಮೂರು ಪುಟ, ಅಕ್ಕಿಗೆ ಒಂದು ಸಾಲೂ ಇಲ್ಲ.

ಕೊನೆಯಲ್ಲಿ ಕಾರಿನಲ್ಲಿ ಬಂದು ಕೈ ಹಿಡಿಯುವ ಡಾಕ್ಟರ್ ಇರುವ ಕಾದಂಬರಿ ದಯವಿಟ್ಟು ಬೇಡ. ಅವನ್ನೆಲ್ಲ ಅವ್ವ ಹೆಂಚಿನ ಮುಂದೆಯೇ ಓದಿ ಮುಗಿಸಿದ್ದಾಳೆ.

ಉತ್ತರ 1: ದುರ್ಗದ ನಿವೃತ್ತ ಮೇಷ್ಟರು

ತಾಯಿಯವರಿಗೆ ನನ್ನ ನಮಸ್ಕಾರ ತಿಳಿಸಿ. ಮೂವತ್ತೊಂದು ವರ್ಷ ಕನ್ನಡ ಪಾಠ ಮಾಡಿದ್ದೇನೆ. ‘ದುಡ್ಡು ಎಲ್ಲಿಂದ ಬಂತು’ ಎಂದು ಒಬ್ಬ ವಿದ್ಯಾರ್ಥಿಯೂ ಕೇಳಲಿಲ್ಲ. ಕೇಳಿದ್ದರೆ ನನ್ನ ಬಳಿಯೂ ಉತ್ತರವಿರುತ್ತಿರಲಿಲ್ಲ.

ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ತನ್ನಿ. ದಪ್ಪ ಪುಸ್ತಕವಲ್ಲ. ಒಂಬತ್ತನೇ ವಯಸ್ಸಿಗೆ ಮದುವೆ, ಸಂಸಾರ ಎಂದರೇನೆಂದು ತಿಳಿಯುವ ಮೊದಲೇ ವೈಧವ್ಯ, ಆಮೇಲೆ ತಲೆ ಬೋಳಿಸಿ ಕೆಂಪು ಸೀರೆ, ಒಪ್ಪೊತ್ತಿನ ಊಟ. ಇದು ಲೇಖಕಿ ತಾಯಿಯ ಬಾಯಿಂದ ಕೇಳಿದ, ನಿಜವಾಗಿ ಬದುಕಿದ್ದ ಹೆಂಗಸಿನ ಕತೆ. ನಿಮ್ಮ ಷರತ್ತಿನ ವಿಷಯದಲ್ಲಿ ಭಯ ಬೇಡ. ಫಣಿಯಮ್ಮ ನೂರು ದಾಟಿ ಬದುಕುತ್ತಾಳೆ. ಅವಳನ್ನು ಕೂರಿಸಿ ಶಾಸ್ತ್ರ ಹೇಳಿದವರೆಲ್ಲ ಅವಳಿಗಿಂತ ಮೊದಲು ಹೋಗುತ್ತಾರೆ. ಇಂದಿರಾ ಅವರ ಮೊದಲ ಕಾದಂಬರಿ ‘ತುಂಗಭದ್ರ’ ಬಂದದ್ದು 1963ರಲ್ಲಿ, ಆಗ ಅವರಿಗೆ ನಲವತ್ತೈದು ದಾಟಿತ್ತು; ‘ಫಣಿಯಮ್ಮ’ 1976ರದು. ಅರ್ಧ ಆಯುಷ್ಯ ಅಡುಗೆಮನೆಯಲ್ಲಿ ಕಿವಿ ತೆರೆದು ಕುಳಿತವರ ಬರವಣಿಗೆ ಎಂಬುದು ಓದುವಾಗ ಗೊತ್ತಾಗುತ್ತದೆ. 1983ರಲ್ಲಿ ಪ್ರೇಮಾ ಕಾರಂತರು ಇದನ್ನು ಸಿನಿಮಾ ಮಾಡಿದರು. ಸಿನಿಮಾ ಆಮೇಲೆ ನೋಡಿ, ಮೊದಲು ಓದಿ.

ಎರಡನೆಯದಾಗಿ, ಯಾರೂ ಹೇಳಲಾರದ ಒಂದು ಹೆಸರು ಹೇಳುತ್ತೇನೆ: ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’, 1899. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎಂದು ತರಗತಿಯಲ್ಲಿ ಉರು ಹೊಡೆಸುತ್ತೇವೆ, ಓದುವವರಿಲ್ಲ. ಬಾಲವಿಧವೆ ಇಂದಿರೆ ಮನೆ ಬಿಟ್ಟು ಬರುತ್ತಾಳೆ, ಓದುತ್ತಾಳೆ, ಮತ್ತೆ ಮದುವೆಯಾಗುತ್ತಾಳೆ. ಗಮನಿಸಿ, ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯಲ್ಲಿ ಹೆಣ್ಣು ಸಾಯುವುದಿಲ್ಲ. ಕೊಲ್ಲುವ ಚಟ ನಮಗೆ ಆಮೇಲೆ ಅಂಟಿದ್ದು. ಆದರೆ ಭಾಷೆ ಹಳೆಯದು, ಗಟ್ಟಿಯಾಗಿ ಓದಿದರೆ ಪುಟಕ್ಕೆ ಮೂರು ಸಲ ಉಸಿರು ಕಟ್ಟುತ್ತದೆ. ಮೆಕ್ಕೆಜೋಳದ ಕಾಲದಲ್ಲಿ ಬೇಡ.

ನಮ್ಮ ಸೀಮೆಯ ತ.ರಾ.ಸು. ಅವರನ್ನು ಬಿಡಲು ಮನಸ್ಸಿಲ್ಲ. ಮಲೇಬೆನ್ನೂರಿನಲ್ಲಿ ಹುಟ್ಟಿದವರು, ಅಂದರೆ ಈಗ ನಿಮ್ಮ ಜಿಲ್ಲೆಯವರು. 1997ರಲ್ಲಿ ಜಿಲ್ಲೆ ಒಡೆದಾಗ ನಮಗಾದ ನಷ್ಟಗಳಲ್ಲಿ ಇದೂ ಒಂದು. ಅವರ ‘ಮಸಣದ ಹೂವು’ ಸೂಳೆಗಾರಿಕೆಗೆ ಬಿದ್ದವಳ ಕತೆ; ಪುಟ್ಟಣ್ಣ ಕಣಗಾಲರ ಕೊನೆಯ ಸಿನಿಮಾ ಆದದ್ದು ಅದೇ. ಕೊನೆ ಏನೆಂದು ಈಗ ತಿರುವಿ ನೋಡಿ ಹೇಳೋಣವೆಂದರೆ ನನ್ನ ಪ್ರತಿಯನ್ನು 2011ರಲ್ಲಿ ಒಬ್ಬ ಸಹೋದ್ಯೋಗಿ ಒಯ್ದವರು ಇನ್ನೂ ಓದುತ್ತಿದ್ದಾರೆ.

ಉತ್ತರ 2: ಹರಿಹರದ ಸೇತುವೆ

ಶರಪಂಜರ ಓದಿ. ಇದಕ್ಕಿಂತ ಒಳ್ಳೆಯ ಕಾದಂಬರಿ ಬರೆದವರಿಲ್ಲ. ಕಲ್ಪನಾ ಅಭಿನಯ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಯಾರ್ಡಿನ ಲೆಕ್ಕದವಳು:

ಧನ್ಯವಾದ ಸರ್. ಸಿನಿಮಾ ಅವ್ವ ಮೂರು ಸಲ ನೋಡಿದ್ದಾಳೆ, ಮೂರು ಸಲವೂ ಮನೆಗೆ ಬಂದು ಅಪ್ಪನ ಮೇಲೆ ಹರಿಹಾಯ್ದಳಂತೆ. ಅಪ್ಪ ಏನು ಮಾಡಿದ್ದರು ಪಾಪ. ಕೊನೆ ಗೊತ್ತಿರುವುದರಿಂದ ಒಪ್ಪುವುದು ಕಷ್ಟ.

ಉತ್ತರ 3: ರಾತ್ರಿ ಪಾಳಿ, ಹಿರಿಯೂರು

ನಾನು ನರ್ಸ್. ಹೆರಿಗೆ ವಾರ್ಡಿನಲ್ಲಿ ಹದಿನಾಲ್ಕು ವರ್ಷವಾಯಿತು. ಮೇಲಿನವರು ಒಂದೇ ಸಾಲಿನಲ್ಲಿ ಹೇಳಿ ಹೋದ ‘ಶರಪಂಜರ’ದ ಪರವಾಗಿ ನಾಲ್ಕು ಮಾತು ಹೇಳಬೇಕು, ಏಕೆಂದರೆ ನಾನು ಅದನ್ನು ಓದಿದ್ದು ಹೋದ ತಿಂಗಳು, ಪಾಳಿಯಲ್ಲಿ, ನಾಲ್ಕು ರಾತ್ರಿ.

ಅಕ್ಕ, ನಿಮ್ಮ ಅವ್ವನ ಷರತ್ತನ್ನು ಅಕ್ಷರಶಃ ಹಿಡಿದರೆ ಕಾವೇರಿ ಕೊನೆಯ ಪುಟದಲ್ಲಿ ಬದುಕಿದ್ದಾಳೆ. ಮತ್ತೆ ಮಾನಸಿಕ ಆಸ್ಪತ್ರೆ ಸೇರುತ್ತಾಳೆ, ಅಷ್ಟೇ. ಅದು ಬದುಕೋ ಅಲ್ಲವೋ ಎಂದು ಅವ್ವನೇ ತೀರ್ಮಾನ ಮಾಡಲಿ.

ಹೆರಿಗೆಯಾದ ಮೇಲೆ ಕಾವೇರಿಗೆ ಬರುವುದನ್ನು ನಮ್ಮ ಕಡೆ ಬಾಣಂತಿ ಸನ್ನಿ ಎನ್ನುತ್ತಾರೆ. ವಾಸಿಯಾಗುವ ಕಾಯಿಲೆ ಅದು. ಕಾದಂಬರಿಯಲ್ಲಿಯೂ ವಾಸಿಯಾಗುತ್ತದೆ. ವಾಸಿಯಾಗದವರು ಮನೆಯವರು. ಅವಳು ಜೋರಾಗಿ ನಕ್ಕರೂ ಅನುಮಾನ, ಸುಮ್ಮನೆ ಕುಳಿತರೂ ಅನುಮಾನ. ಇದನ್ನು ನಾನು ವಾರ್ಡಿನಲ್ಲಿ ಕಣ್ಣಾರೆ ಕಂಡಿದ್ದೇನೆ. ಇಪ್ಪತ್ತೆರಡರ ಹುಡುಗಿ, ಮೊದಲ ಹೆರಿಗೆ, ನಾಲ್ಕನೇ ದಿನ ನಿದ್ದೆ ಹೋಯಿತು, ಮಗು ತನ್ನದಲ್ಲ ಎಂದಳು. ಅತ್ತೆ ತಾಯಿತ ತಂದರು, ಮಾವ ಬಸ್ಸಿನ ವೇಳೆ ವಿಚಾರಿಸುತ್ತಿದ್ದರು. ದೊಡ್ಡ ಆಸ್ಪತ್ರೆಗೆ ಕಳುಹಿಸಿದೆವು. ಎರಡು ತಿಂಗಳ ಮೇಲೆ ಮಗುವಿಗೆ ಚುಚ್ಚುಮದ್ದು ಹಾಕಿಸಲು ಬಂದಳು, ಅಚ್ಚುಕಟ್ಟಾಗಿ ಹೂ ಮುಡಿದು. ಆದರೆ ಮಗು ಅತ್ತೆಯ ತೋಳಿನಲ್ಲಿತ್ತು. ‘ಇವಳ ಕೈಗೆ ಕೊಡುವುದಿಲ್ಲ ಸಿಸ್ಟರ್’ ಎಂದು ಆಕೆ ಎದುರಿಗೇ ಹೇಳಿದರು. ಆ ಹುಡುಗಿ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡಳು. ಆ ರಾತ್ರಿ ನಾನು ಪುಸ್ತಕವನ್ನು ಮೊದಲಿನಿಂದ ಮತ್ತೆ ಶುರುಮಾಡಿದೆ.

ಇದನ್ನು ಬರೆದ ತ್ರಿವೇಣಿಯವರು 1963ರಲ್ಲಿ, ಮೂವತ್ತೈದು ತುಂಬುವ ಮೊದಲೇ ತೀರಿಕೊಂಡರು, ಅದೂ ಮಗು ಹುಟ್ಟಿದ ಕೆಲವೇ ದಿನಗಳಲ್ಲಿ. ಅವರು ಮನಶ್ಶಾಸ್ತ್ರ ಓದಿದ್ದವರು. ಆ ಕಾಲಕ್ಕೆ ಇಷ್ಟು ಸರಿಯಾಗಿ ಬರೆದರಲ್ಲ ಎಂದು ನನಗೆ ಈಗಲೂ ಆಶ್ಚರ್ಯ.

ಇನ್ನು ‘ದುಡ್ಡು ಎಲ್ಲಿಂದ ಬಂತು’ ಎಂಬ ಪ್ರಶ್ನೆ. ಕಾವೇರಿಯದು ಅನುಕೂಲಸ್ಥ ಮನೆ, ಅಕ್ಕಿಗೆ ಕೊರತೆಯಿಲ್ಲ. ಅಲ್ಲಿ ಆ ಪ್ರಶ್ನೆ ಕೆಲಸಕ್ಕೆ ಬರುವುದಿಲ್ಲ. ಅದಕ್ಕೇ ಅವ್ವ ಇದನ್ನು ಕೇಳಬೇಕು ಎನ್ನುತ್ತೇನೆ. ಸಿನಿಮಾ ನೋಡಿದ್ದೇನೆ ಎಂದು ಬಿಡುವುದು ಸರಿಯಲ್ಲ. ಪುಸ್ತಕದಲ್ಲಿ ಹಾಡಿಲ್ಲ, ಉಸಿರಾಡಲು ಜಾಗವೇ ಇಲ್ಲ.

ಉತ್ತರ 4: ಜಗಳೂರು ಹುಡುಗಿ

ಅಕ್ಕಾ, ನಾನು ದಾವಣಗೆರೆಯಲ್ಲೇ ಹಾಸ್ಟೆಲ್‌ನಲ್ಲಿದ್ದು ಎಂ.ಎ. ಓದುತ್ತಿದ್ದೇನೆ. ಮೇಷ್ಟ್ರು ಹಳೆಯದನ್ನು ಹೇಳಿದ್ದಾರೆ, ನಾನು ನಮ್ಮ ಕೋಣೆಯಲ್ಲಿ ಈಗ ಕೈಯಿಂದ ಕೈಗೆ ಹೋಗುತ್ತಿರುವುದನ್ನು ಹೇಳುತ್ತೇನೆ.

ಗೀತಾ ನಾಗಭೂಷಣ ಅವರ ‘ಬದುಕು’. ಅವರೂ ಗಿರಣಿ ಕಾರ್ಮಿಕರ ಮಗಳು, ಕಲಬುರಗಿಯವರು. ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಮೊದಲ ಕನ್ನಡ ಲೇಖಕಿ ಅವರೇ, 2004ರಲ್ಲಿ, ಇದೇ ಕಾದಂಬರಿಗೆ. ದಪ್ಪ ಪುಸ್ತಕ. ಮೊದಲ ಮೂವತ್ತು ಪುಟ ಆ ಕಡೆಯ ಮಾತು ಕಿವಿಗೆ ಹತ್ತುವುದಿಲ್ಲ, ಆಮೇಲೆ ಬಿಡುವುದಿಲ್ಲ. ನಾನು ಮನಸ್ಸಿನಲ್ಲಿ ಓದಲಾರದೆ ಗಟ್ಟಿಯಾಗಿ ಓದಿದೆ, ಪಕ್ಕದ ಮಂಚದವಳು ಬೈದಳು, ನಾಲ್ಕನೇ ದಿನ ಅವಳೇ ‘ಮುಂದೇನಾಯಿತು’ ಎಂದಳು. ಕೂಲಿ, ಸಾಲ, ಜಾತಿ, ಹಸಿವು ಎಲ್ಲವೂ ಇದೆ. ನಿಮ್ಮ ಅವ್ವನ ಪ್ರಶ್ನೆಗೆ ಇಲ್ಲಿ ಉತ್ತರ ಹುಡುಕಬೇಕಾಗಿಲ್ಲ. ಆದರೆ ಒಬ್ಬಳ ಕತೆಯಲ್ಲ, ಇಡೀ ಕೇರಿಯ ಕತೆ. ಯಾರೂ ಸಾಯಬಾರದು ಎಂದರೆ ಆಗುವುದಿಲ್ಲ.

ನೇಮಿಚಂದ್ರ ಅವರ ‘ಯಾದ್ ವಶೇಮ್’. ಅವರು ಹುಟ್ಟಿದ್ದು ಚಿತ್ರದುರ್ಗದಲ್ಲಿ, ಮೇಷ್ಟ್ರಿಗೆ ಸಮಾಧಾನವಾಗಲಿ. ಹಿಟ್ಲರನ ಕಾಲದಲ್ಲಿ ಜರ್ಮನಿಯಿಂದ ತಪ್ಪಿಸಿಕೊಂಡು ಬೆಂಗಳೂರಿಗೆ ಬಂದ ಯಹೂದಿ ಹುಡುಗಿ ಇಲ್ಲಿಯವಳೇ ಆಗಿ ಬೆಳೆದು, ವಯಸ್ಸಾದ ಮೇಲೆ ಕಳೆದುಕೊಂಡ ತಾಯಿ, ಅಕ್ಕನನ್ನು ಹುಡುಕಿಕೊಂಡು ಹೊರಡುವ ಕತೆ. ನಮ್ಮ ಅಮ್ಮನಿಗೆ ಊರಿಗೆ ಹೋದಾಗ ಬಾಯಲ್ಲಿ ಕತೆ ಹೇಳಿದೆ. ‘ಪಕ್ಕದ ಮನೆಯವರು ಸಾಕಿಕೊಂಡರಾ?’ ಎಂದು ಅಷ್ಟನ್ನೇ ಮೂರು ಸಲ ಕೇಳಿದರು.

ಸುಧಾ ಮೂರ್ತಿಯವರ ‘ಮಹಾಶ್ವೇತೆ’ಯನ್ನು ನಮ್ಮ ಹಾಸ್ಟೆಲ್‌ನಲ್ಲಿ ಓದದವರಿಲ್ಲ. ತೊನ್ನು ಬಂದವಳನ್ನು ಗಂಡನ ಮನೆಯವರು ಹೊರಗೆ ಹಾಕುತ್ತಾರೆ, ಅವಳು ಮುಂಬೈಗೆ ಹೋಗಿ ನೌಕರಿ ಹಿಡಿಯುತ್ತಾಳೆ, ಗಂಡ ಮರಳಿ ಕರೆದಾಗ ಹೋಗುವುದಿಲ್ಲ. ಸಂಬಳ ಎಲ್ಲಿಂದ ಎಂಬುದು ಸ್ಪಷ್ಟವಾಗಿದೆ. ನನಗೆ ಸ್ವಲ್ಪ ತೊಳೆದಿಟ್ಟ ಪಾತ್ರೆಯಂತೆ ಅನಿಸಿತು, ಎಲ್ಲಿಯೂ ಮಸಿಯಿಲ್ಲ. ಆದರೂ ಹೆಣ್ಣು ನೋಡಲು ಬರುತ್ತಾರೆಂದು ಅಳುತ್ತಿದ್ದ ನಮ್ಮ ಗೆಳತಿಯೊಬ್ಬಳಿಗೆ ಆ ಪುಸ್ತಕವೇ ಕೆಲಸಕ್ಕೆ ಬಂದದ್ದು, ನನ್ನ ವಿಮರ್ಶೆಯಲ್ಲ.

ಕಾದಂಬರಿಯೇ ಆಗಬೇಕು ಎಂಬ ಹಟವಿಲ್ಲದಿದ್ದರೆ ಬಾನು ಮುಷ್ತಾಕ್ ಅವರ ಕತೆಗಳನ್ನು ಓದಿ. 2025ರಲ್ಲಿ ದೀಪಾ ಭಾಸ್ತಿಯವರ ಅನುವಾದಕ್ಕೆ ಅಂತರರಾಷ್ಟ್ರೀಯ ಬೂಕರ್ ಬಂದ ಮೇಲೆ ಎಲ್ಲರೂ ಹೆಸರು ಹೇಳುತ್ತಾರೆ, ಕನ್ನಡದಲ್ಲೇ ಓದಿದವರು ಎಷ್ಟು ಜನರೋ. ರಾತ್ರಿಗೆ ಒಂದು ಕತೆ, ನಿಮ್ಮ ಮೆಕ್ಕೆಜೋಳದ ಕಾಲಕ್ಕೆ ಸರಿಹೊಂದುತ್ತದೆ. ‘ಎದೆಯ ಹಣತೆ’ ಕತೆಯಲ್ಲಿ ಗಂಡ ಕೈಬಿಟ್ಟು, ತವರಿನವರೂ ಮರಳಿ ಅಟ್ಟಿದ ಹೆಂಗಸು ಸೀಮೆಎಣ್ಣೆ ಸುರಿದುಕೊಂಡು ನಿಲ್ಲುತ್ತಾಳೆ. ಇಲ್ಲಿಗೆ ನಿಲ್ಲಿಸಬೇಡಿ, ಅವ್ವನಿಗೆ ಮುಂದಿನ ಪುಟವನ್ನೂ ಓದಿ. ಮಗಳು ತಡೆಯುತ್ತಾಳೆ.

ಉತ್ತರ 5: ದುರ್ಗದ ನಿವೃತ್ತ ಮೇಷ್ಟರು

ಜಗಳೂರಿನ ತಂಗಿಗೆ ಶಹಭಾಸ್. ಸಮಾಧಾನವಾಯಿತು.

ರಾತ್ರಿ ಮಲಗಿದ ಮೇಲೆ ಇನ್ನೊಂದು ಹೊಳೆಯಿತು. ಅನುಪಮಾ ನಿರಂಜನ ಅವರ ‘ಮಾಧವಿ’. ಮಹಾಭಾರತದ ಕತೆ. ಗಾಲವನಿಗೆ ಗುರುದಕ್ಷಿಣೆಯಾಗಿ ಒಂದೇ ಕಿವಿ ಕಪ್ಪಗಿರುವ ಎಂಟುನೂರು ಬಿಳಿ ಕುದುರೆ ಬೇಕು. ಯಯಾತಿಯ ಬಳಿ ಕುದುರೆಯಿಲ್ಲ, ಮಗಳಿದ್ದಾಳೆ. ಕೊಟ್ಟುಬಿಡುತ್ತಾನೆ. ಆಮೇಲೆ ಅವಳನ್ನು ಒಬ್ಬೊಬ್ಬ ರಾಜನ ಬಳಿ ಬಿಟ್ಟು, ಮಗು ಹೆತ್ತ ಮೇಲೆ ಇನ್ನೂರು ಇನ್ನೂರು ಕುದುರೆ ಎಣಿಸಿಕೊಳ್ಳುವುದು. ನಿಮ್ಮ ತಾಯಿಯವರ ಪ್ರಶ್ನೆಗೆ ಇದಕ್ಕಿಂತ ನೇರವಾದ ಕತೆ ನನಗೆ ಗೊತ್ತಿಲ್ಲ. ಲೇಖಕಿ ವೈದ್ಯೆಯಾಗಿದ್ದವರು, ಹೆತ್ತು ಕೊಟ್ಟು ಹೋಗುವ ಮೈಯ ನೋವನ್ನು ಪುರಾಣ ಹೇಳುವವರು ಬಿಟ್ಟಂತೆ ಬಿಡುವುದಿಲ್ಲ.

ಯಾರ್ಡಿನ ಲೆಕ್ಕದವಳು, ಐದು ವಾರಗಳ ನಂತರ:

ಎಲ್ಲರಿಗೂ ಉತ್ತರಿಸಲು ತಡವಾಯಿತು. ಯಾರ್ಡಿನಲ್ಲಿ ಚೀಲದ ಮೇಲೆ ಚೀಲ, ಮನೆಯಲ್ಲಿ ಪುಟದ ಮೇಲೆ ಪುಟ.

‘ಫಣಿಯಮ್ಮ’ ಒಂಬತ್ತು ರಾತ್ರಿಗಳಲ್ಲಿ ಮುಗಿಯಿತು. ತಲೆ ಬೋಳಿಸುವ ಭಾಗ ಓದುವಾಗ ಅವ್ವ ತನ್ನ ಜಡೆಯನ್ನು ಮುಂದಕ್ಕೆ ಎಳೆದುಕೊಂಡು ಹಿಡಿದು ಕುಳಿತಳು. ಅದರಲ್ಲಿ ಈಗ ಹಿಡಿಯುವಷ್ಟು ಕೂದಲಿಲ್ಲ. ಅಪ್ಪ ತೀರಿಕೊಂಡ ವರ್ಷ ಯಾರು ಏನೆಂದರು ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಮುಂದೆ ದಾಕ್ಷಾಯಿಣಿ ತಲೆ ಕೊಡುವುದಿಲ್ಲ ಎಂದು ನಿಂತಾಗ, ‘ಇನ್ನೊಮ್ಮೆ ಓದು’ ಎಂದಳು. ಓದಿದೆ. ‘ಗಟ್ಟಿಯಾಗಿ’ ಎಂದಳು. ಪಕ್ಕದ ಮನೆಯ ಟಿವಿ ನಿಂತಿತು, ಅವರೂ ಕೇಳಿಸಿಕೊಂಡರೆಂದು ಕಾಣುತ್ತದೆ.

ಹೆರಿಗೆಯಲ್ಲಿ ಒದ್ದಾಡುತ್ತಿದ್ದ ದಲಿತ ಹೆಂಗಸಿನ ಬಳಿಗೆ ಫಣಿಯಮ್ಮ ಮಡಿ ಬಿಟ್ಟು ಹೋಗುವಲ್ಲಿ ಅವ್ವ ಎದ್ದು ಕುಳಿತಳು. ರಾತ್ರಿ ಪಾಳಿಯವರೇ, ಆಗ ನಿಮ್ಮನ್ನು ನೆನೆದೆ.

ಆದರೆ ದುಡ್ಡಿನ ಪ್ರಶ್ನೆ ಬಿಡಲಿಲ್ಲ. ಎರಡನೇ ರಾತ್ರಿಯೇ, ‘ಇಷ್ಟು ಜನರ ಮನೆಯಲ್ಲಿ ಇವಳು ದುಡಿಯುತ್ತಿದ್ದಾಳಲ್ಲ, ಇವಳಿಗೆ ಏನು ಕೊಡುತ್ತಾರೆ?’ ಎಂದಳು. ಒಪ್ಪೊತ್ತಿನ ಊಟ, ಸೀರೆ ಎಂದೆ. ‘ಅದು ಎತ್ತಿಗೂ ಕೊಡುತ್ತಾರೆ, ಮೇವು ಎನ್ನುತ್ತಾರೆ. ಕೂಲಿ ಎಷ್ಟು?’ ಕೂಲಿಯಿಲ್ಲ ಅವ್ವ, ಮನೆಯವಳು ಎಂದೆ. ಆಗ ಸುಮ್ಮನಾದಳು. ಪುಸ್ತಕ ಮುಗಿದ ರಾತ್ರಿ, ‘ನೀನು ಲೆಕ್ಕ ಬರೆಯುವವಳಲ್ಲವೇ, ಬರೆ’ ಎಂದಳು. ಯಾರ್ಡಿನ ತೂಕದ ಚೀಟಿಯ ಹಿಂಬದಿಯಲ್ಲಿ ಬರೆದೆ. ನೂರು ದಾಟಿ ಬದುಕಿದವಳು, ದುಡಿದದ್ದು ಎಂಬತ್ತು ವರ್ಷ ಎಂದು ಹಿಡಿದೆವು. 29,200 ದಿನ. ದರ ಎಷ್ಟು ಹಾಕಲಿ ಎಂದೆ. ‘ಹನ್ನೆರಡು ರೂಪಾಯಿ’ ಎಂದಳು, ಬೇರೆ ದರ ಅವಳಿಗೆ ಗೊತ್ತಿಲ್ಲ. ಆ ಕಾಲಕ್ಕೆ ಅದು ಬಹಳ ದೊಡ್ಡ ಮೊತ್ತ ಎಂದರೂ ಕೇಳಲಿಲ್ಲ. 3,50,400 ರೂಪಾಯಿ ಆಯಿತು. ‘ಹಬ್ಬದ ದಿನಗಳಿಗೆ ಎರಡು ಪಟ್ಟು ಹಾಕಿದೆಯಾ?’ ಇಲ್ಲ. ‘ಬಡ್ಡಿ?’ ಇಲ್ಲ. ‘ಹಾಗಾದರೆ ಅದು ಲೆಕ್ಕವಲ್ಲ’ ಎಂದು ಮಗ್ಗುಲಾದಳು. ಚೀಟಿ ಈಗಲೂ ಪುಸ್ತಕದೊಳಗಿದೆ. ಗ್ರಂಥಾಲಯದ ಪ್ರತಿ ಎಂಬುದು ನೆನಪಿದೆ, ಹಿಂದಿರುಗಿಸುವ ಮುನ್ನ ತೆಗೆಯಬೇಕು.

ಬಾನು ಮುಷ್ತಾಕ್ ಅವರ ಕತೆ ಓದಿದೆವು. ಜಗಳೂರು ತಂಗಿ, ಮುಂದಿನ ಪುಟ ಓದಿ ಎಂದು ನೀನು ಎಚ್ಚರಿಸಿದ್ದು ಒಳ್ಳೆಯದಾಯಿತು. ಸೀಮೆಎಣ್ಣೆ ಎಂಬ ಮಾತು ಬಂದ ಕೂಡಲೇ ಅವ್ವ ಕೈ ಎತ್ತಿದ್ದಳು. ‘ಮಗಳು ಬರುತ್ತಾಳೆ ಇರು’ ಎಂದು ನಾನೇ ಮೊದಲು ಹೇಳಿಬಿಟ್ಟೆ. ಕತೆಗೆ ನಾನು ಮಾಡಿದ್ದು ಅನ್ಯಾಯ, ನನಗೆ ಗೊತ್ತು. ಮುಗಿದ ಮೇಲೆ ಅವ್ವ, ‘ಆ ತವರಿನವರು ಅಂಗಡಿಯವರಾ, ಜಮೀನಿನವರಾ?’ ಎಂದಳು. ಹೊಟ್ಟೆಗಿದ್ದವರೇ ಎಂದೆ. ‘ಗೊತ್ತಿತ್ತು’ ಎಂದಳು.

‘ಶರಪಂಜರ’ಕ್ಕೆ ಅವ್ವ ಒಪ್ಪಿಲ್ಲ. ಆ ಇಪ್ಪತ್ತೆರಡರ ಹುಡುಗಿಯ ಸಂಗತಿಯನ್ನು ಮಾತ್ರ ನಾನು ಅವಳಿಗೆ ಓದಿ ಹೇಳಿದೆ. ಮಗುವನ್ನು ಈಗಲಾದರೂ ತಾಯಿಯ ಕೈಗೆ ಕೊಡುತ್ತಿದ್ದಾರೆಯೇ ಎಂದು ದಿನ ಬಿಟ್ಟು ದಿನ ಕೇಳುತ್ತಾಳೆ. ನಿಮಗೆ ಗೊತ್ತಾದರೆ ಇಲ್ಲಿ ಬರೆಯಿರಿ.

ಈಗ ‘ಮಾಧವಿ’ ನಡೆಯುತ್ತಿದೆ. ಮೇಷ್ಟ್ರೇ, ಕೊನೆಯ ಪುಟ ನಾನು ನೋಡಿಕೊಂಡಿದ್ದೇನೆ, ಬದುಕಿದ್ದಾಳೆ, ಆದ್ದರಿಂದ ಪುಸ್ತಕಕ್ಕೆ ಒಳಗೆ ಬರಲು ಅಪ್ಪಣೆ ಸಿಕ್ಕಿತು. ಮೂರು ರಾಜರು ಮುಗಿದರು, ಆರುನೂರು ಕುದುರೆ ಬಂದವು, ಮೂರು ಮಕ್ಕಳು ಮೂರು ಅರಮನೆಯಲ್ಲಿ ಉಳಿದವು. ಅವ್ವ ಬೆರಳು ಮಡಿಸಿ ಎಣಿಸುತ್ತಿದ್ದಾಳೆ. ನಿನ್ನೆ ರಾತ್ರಿ ನಾನು ದೀಪ ಆರಿಸಿದ ಮೇಲೆ ಕತ್ತಲಲ್ಲಿ, ‘ಇನ್ನು ಇನ್ನೂರು ಬಾಕಿ ಇದೆಯಲ್ಲ, ಅದನ್ನು ಯಾರ ಹತ್ತಿರ ಎತ್ತುತ್ತಾರೆ?’ ಎಂದಳು. ನಾಳೆ ಓದುತ್ತೇನೆ ಮಲಗು ಎಂದೆ. ನಾಳೆ ಯಾರ್ಡಿಗೆ ರಜೆ, ಮಧ್ಯಾಹ್ನವೇ ಕೂರುತ್ತೇವೆ.